ಕಾಸಿಗೆ ತಕ್ಕ ಕಾರು

1947ರ ಕೊನೆಗೆ ಬ್ರಿಟನ್ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು. ಯುದ್ಧ ಗೆದ್ದು ಎರಡು ವರ್ಷ ಕಳೆದಿದ್ದರೂ ಖಜಾನೆಯಲ್ಲಿ ಡಾಲರ್ ಇರಲಿಲ್ಲ, ತೈಲಕ್ಕೆ ಡಾಲರೇ ಬೇಕಿತ್ತು. ಹಳೆಯ ಕಾರುಗಳ ಬೆಲೆ ನೆಲ ಕಚ್ಚಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಗೆಳೆಯನೊಬ್ಬನ ಜೊತೆ ಹಳೆಯ ಕಾರು ಕೊಂಡು ಮಾರುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಗಳಿಕೆಯೆಲ್ಲ ಆಗ ಕರಗಿಹೋಯಿತು. ಸಿಕ್ಕ ಬೆಲೆಗೆ ಎಲ್ಲವನ್ನೂ ದಾಟಿಸಿದ ಮೇಲೆ ಕೈಯಲ್ಲಿ ಉಳಿದದ್ದು ಯಾರೂ ಕೇಳದ ಒಂದೇ ಒಂದು ಕಾರು, 1928ರ ಆಸ್ಟಿನ್ ಸೆವೆನ್.

ಹುಡುಗ ಅದನ್ನು ಗುಜರಿಗೆ ಹಾಕಲಿಲ್ಲ. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ತನ್ನ ಗೆಳತಿ ಹೇಜಲ್ ವಿಲಿಯಮ್ಸ್ ತಂದೆತಾಯಿಯ ಗ್ಯಾರೇಜಿಗೆ ತಂದು ನಿಲ್ಲಿಸಿ, ಮೇಲಿನ ಬಾಡಿಯನ್ನು ಕಿತ್ತು, ಚಾಸಿಯನ್ನು ಗಟ್ಟಿ ಮಾಡಿದ. ಪ್ಲೈವುಡ್ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಹಗುರ ಹಲಗೆಗಳಿಂದ ಹೊಸ ಬಾಡಿ ಕಟ್ಟಿದ. ಕೆಸರು ದಿಣ್ಣೆ ಹತ್ತುವ ‘ಟ್ರಯಲ್ಸ್’ ಸ್ಪರ್ಧೆಗಳಲ್ಲಿ ಹಿಂಭಾಗ ಜಜ್ಜಿಹೋಗುವುದು ಖಚಿತವೆಂದು ಅದನ್ನು ಸುಲಭವಾಗಿ ಕಳಚಿ ಬದಲಿಸುವಂತೆ ಮಾಡಿದ. 1948ರಲ್ಲಿ ಓಎಕ್ಸ್ 9292 ಎಂಬ ಸಂಖ್ಯೆಯೊಂದಿಗೆ ರಸ್ತೆಗಿಳಿದ ಆ ಕಾರಿಗೆ ಅವನಿಟ್ಟ ಹೆಸರು ಲೋಟಸ್. ಹುಡುಗನ ಹೆಸರು ಕಾಲಿನ್ ಚಾಪ್ಮನ್.

ಚಾಪ್ಮನ್ ಹೆಸರು ಜಗತ್ತಿಗೆ ಗೊತ್ತಾಯಿತು. ಅದೇ ವರ್ಷಗಳಲ್ಲಿ ಬ್ರಿಟನ್ನಿನ ಊರೂರಿನಲ್ಲಿ, ಕಲ್ಲಿದ್ದಲಿನ ಶೆಡ್ಡು, ಕೋಳಿಗೂಡು, ಬಾಡಿಗೆ ಗ್ಯಾರೇಜುಗಳಲ್ಲಿ ಇದೇ ಕೆಲಸಕ್ಕಿಳಿದ ಸಾವಿರಾರು ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಗುಮಾಸ್ತರು, ಶಾಲಾ ಮೇಷ್ಟ್ರುಗಳು, ಕಾರ್ಖಾನೆಯ ಫಿಟ್ಟರ್‌ಗಳು, ಸೈನ್ಯದಿಂದ ವಾಪಸು ಬಂದ ಮೆಕ್ಯಾನಿಕ್‌ಗಳು ಹಳೆಯ ಕಾರಿನ ಅಸ್ಥಿಪಂಜರದ ಮೇಲೆ ಕಟ್ಟಿಕೊಂಡ ಸ್ಪೋರ್ಟ್ಸ್ ಕಾರಿಗೆ ‘ಸ್ಪೆಷಲ್’ ಎಂಬ ಹೆಸರಿತ್ತು. ಇವರೆಲ್ಲರ ಮುಂದಿದ್ದ ಪ್ರಶ್ನೆ ಒಂದೇ: ಜೇಬಿನಲ್ಲಿರುವ ಈ ಹಣಕ್ಕೆ ಯಾವ ಭಾಗವನ್ನು ಮೊದಲು ಕೊಳ್ಳುವುದು? ಆ ಪ್ರಶ್ನೆಯ ಸುತ್ತ ಒಂದು ವ್ಯಾಪಾರ, ಒಂದು ಕ್ಲಬ್ಬು, ಒಂದು ನಿಯಮಾವಳಿ ಬೆಳೆದವು. ಇಂದಿನ ರೇಸಿಂಗ್ ಜಗತ್ತಿನ ಕೆಲವು ದೊಡ್ಡ ಹೆಸರುಗಳ ಬೇರು ಅಲ್ಲಿದೆ.

ಕಥೆಯ ತಳಪಾಯ ಆಸ್ಟಿನ್ ಸೆವೆನ್. 1921ರಲ್ಲಿ ಆಸ್ಟಿನ್ ಕಂಪನಿ ಸಾಲದಲ್ಲಿ ಮುಳುಗಿ ರಿಸೀವರ್ ಕೈಗೆ ಹೋಗಿತ್ತು. ಪುಟ್ಟ ಕಾರೊಂದನ್ನು ಮಾಡೋಣವೆಂದ ಹರ್ಬರ್ಟ್ ಆಸ್ಟಿನ್ ಮಾತಿಗೆ ನಿರ್ದೇಶಕರು ಒಪ್ಪಲಿಲ್ಲ. ಆತ ಸ್ಟ್ಯಾನ್ಲಿ ಎಡ್ಜ್ ಎಂಬ 18 ವರ್ಷದ ಡ್ರಾಫ್ಟ್ಸ್‌ಮನ್‌ನನ್ನು ತನ್ನ ಮನೆ ಲಿಕ್ಕಿ ಗ್ರೇಂಜ್‌ಗೆ ಕರೆಸಿಕೊಂಡು ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿದ. ಅಲ್ಲಿ ಹುಟ್ಟಿದ ಕಾರು 1922ರ ಜುಲೈಯಲ್ಲಿ 165 ಪೌಂಡ್ ಬೆಲೆಗೆ ಪ್ರಕಟವಾಯಿತು. ಮೊದಲ ಕೆಲವು ಕಾರುಗಳ ನಂತರ ಎಂಜಿನ್ನಿನ ಗಾತ್ರ 747 ಸಿಸಿಗೆ ನಿಂತಿತು. ಶಕ್ತಿ ಹತ್ತೂವರೆ ಅಶ್ವಶಕ್ತಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಆರು ಅಡಿ ಮೂರು ಇಂಚು, ಉದ್ದ ಮನುಷ್ಯನೊಬ್ಬ ಅಂಗಾತ ಮಲಗುವಷ್ಟು ಜಾಗ.

‘ಸೆವೆನ್’ ಎಂಬ ಹೆಸರು ಬಂದದ್ದು ತೆರಿಗೆಯ ಲೆಕ್ಕದಿಂದ. 1921ರಿಂದ ಬ್ರಿಟನ್ನಿನಲ್ಲಿ ಕಾರಿನ ವಾರ್ಷಿಕ ತೆರಿಗೆ ಒಂದು ಅಶ್ವಶಕ್ತಿಗೆ ಒಂದು ಪೌಂಡ್. ಆ ಅಶ್ವಶಕ್ತಿಯನ್ನು ಎಂಜಿನ್ ಓಡಿಸಿ ಅಳೆಯುತ್ತಿರಲಿಲ್ಲ. ಸಿಲಿಂಡರುಗಳ ವ್ಯಾಸ ಮತ್ತು ಸಂಖ್ಯೆಯಿಂದ ಸೂತ್ರವೊಂದರ ಪ್ರಕಾರ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದಲ್ಲಿ ಫೋರ್ಡ್ ಮಾಡೆಲ್ ಟಿ ಇಟ್ಟುಕೊಂಡವನು ವರ್ಷಕ್ಕೆ 23 ಪೌಂಡ್ ಕಟ್ಟಿದರೆ ಆಸ್ಟಿನ್ ಸೆವೆನ್ ಇಟ್ಟುಕೊಂಡವನು 8 ಪೌಂಡ್ ಕಟ್ಟುತ್ತಿದ್ದ. ಸೈಡ್‌ಕಾರ್ ಇದ್ದ ಮೋಟಾರ್ ಸೈಕಲ್ಲಿನಲ್ಲಿ ಮಳೆಗೆ ನೆನೆಯುತ್ತಿದ್ದ ಸಂಸಾರಗಳು ಕಾರಿನ ಸೂರಿನಡಿ ಬಂದವು. 1939ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 2,90,000 ಸೆವೆನ್‌ಗಳು ಹೊರಬಂದಿದ್ದವು.

ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ. ಊರಿಗೊಂದಾದರೂ ಕೆಟ್ಟು ನಿಂತ ಸೆವೆನ್ ಇತ್ತು. ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕೆ, 1934ರ ಹಿಂಬದಿ ಆಕ್ಸಲ್ 1929ರ ಚಾಸಿಗೆ ಸ್ವಲ್ಪ ತಿದ್ದಿದರೆ ಕೂರುತ್ತಿತ್ತು. ಬಿಡಿಭಾಗದ ವ್ಯಾಪಾರ ಬೆಳೆಯಲು ಬೇಕಾದ ನೆಲ ಅಂಥದ್ದು.

ವ್ಯಾಪಾರ ಯುದ್ಧಕ್ಕೂ ಮೊದಲೇ ಚಿಗುರಿತ್ತು. ಮೊದಲು ಬಂದವರು ಬಾಡಿ ಕಟ್ಟುವವರು. ಬ್ಲ್ಯಾಕ್‌ಪೂಲಿನಲ್ಲಿ ಸೈಡ್‌ಕಾರ್ ತಯಾರಿಸುತ್ತಿದ್ದ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್ಲಿ 1927ರಲ್ಲಿ ಸೆವೆನ್ ಚಾಸಿಯ ಮೇಲೆ ದುಂಡನೆಯ ಮೂತಿಯ ಚಂದದ ಬಾಡಿ ಕೂರಿಸಿ ‘ಆಸ್ಟಿನ್ ಸ್ವಾಲೋ’ ಎಂದು 175 ಪೌಂಡಿಗೆ ಮಾರಿದರು. ಲಯನ್ಸ್ ಅಲ್ಲಿಂದ ಹತ್ತಿ ಜಾಗ್ವಾರ್‌ವರೆಗೆ ಹೋದ. ಗೋರ್ಡನ್ ಇಂಗ್ಲೆಂಡ್ ಎಂಬ ವಿಮಾನ ತಜ್ಞ ತೆಳು ಪ್ಲೈವುಡ್ಡಿನ ಹಗುರ ಬಾಡಿಯ ರೇಸಿಂಗ್ ಸೆವೆನ್ ಮಾಡಿ, ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 75 ಮೈಲಿ ದಾಟಿದೆ ಎಂಬ ಪ್ರಮಾಣಪತ್ರದ ಜೊತೆಗೇ ಕೊಡುತ್ತಿದ್ದ. ಕಂಪನಿಯೂ ಸುಮ್ಮನಿರಲಿಲ್ಲ. ‘ಅಲ್ಸ್ಟರ್’ ಎಂಬ ಸ್ಪೋರ್ಟ್ಸ್ ಮಾದರಿ ತಂದಿತು, ಸೂಪರ್‌ಚಾರ್ಜರ್ ಕೂರಿಸಿಯೂ ಕೊಟ್ಟಿತು. 1930ರಲ್ಲಿ ಬ್ರೂಕ್‌ಲ್ಯಾಂಡ್ಸಿನ 500 ಮೈಲಿ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಸ್ಯಾಮಿ ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಓಡಿಸಿದ ಸೆವೆನ್ ಸರಾಸರಿ ಗಂಟೆಗೆ 83 ಮೈಲಿಗೂ ಹೆಚ್ಚು, ಅಂದರೆ ಸುಮಾರು 134 ಕಿಲೋಮೀಟರ್ ವೇಗದಲ್ಲಿ ಗೆದ್ದಿತು. ಹಾಲು ತರಲು ಹೋಗುವ ಕಾರಿನೊಳಗೆ ಇಷ್ಟೊಂದು ಅಡಗಿದೆಯೆಂದು ಜನಕ್ಕೆ ಗೊತ್ತಾಯಿತು.

1939ರಲ್ಲಿ ‘ಮೋಟಾರ್ ಸ್ಪೋರ್ಟ್’ ಪತ್ರಿಕೆಯ ಬಿಲ್ ಬಾಡಿ ಮತ್ತಿತರರು ಸೇರಿ ಸೆವೆನ್ ಎಂಜಿನ್ನಿನ ಸಿಸಿಯನ್ನೇ ದುಂಡು ಸಂಖ್ಯೆಯಾಗಿಸಿ ಹೆಸರಾಗಿಟ್ಟುಕೊಂಡು ‘750 ಕ್ಲಬ್’ ಕಟ್ಟಿದರು. ದೊಡ್ಡ ಕಾರು ಕೊಳ್ಳಲಾರದವರಿಗೂ ಮೋಟಾರ್ ಸ್ಪರ್ಧೆಯ ಸುಖ ಸಿಗಬೇಕೆಂಬುದು ಅವರ ಆಸೆ. ಅದೇ ವರ್ಷ ಯುದ್ಧ ಬಂತು, ಎಲ್ಲ ನಿಂತಿತು.

ಯುದ್ಧ ಮುಗಿದಾಗ ಹೊಸ ಸ್ಪೋರ್ಟ್ಸ್ ಕಾರು ಸಾಮಾನ್ಯನ ಕೈಗೆ ಎಟುಕದ ವಸ್ತುವಾಗಿತ್ತು. ರಫ್ತು ಮಾಡಿದ ಕಂಪನಿಗೇ ಉಕ್ಕು ಎಂದು ಸರ್ಕಾರ ಹೇಳಿದ್ದರಿಂದ ಎಂಜಿ, ಜಾಗ್ವಾರ್‌ಗಳೆಲ್ಲ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದವು. ಮನೆಯಲ್ಲಿ ಉಳಿದ ಅಲ್ಪಸ್ವಲ್ಪಕ್ಕೆ ವರ್ಷಗಟ್ಟಲೆ ಸರದಿ. ಸರದಿ ಬಂದವನು ಇಷ್ಟು ಕಾಲ ಮಾರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಮೇಲೆ ಖರೀದಿ ತೆರಿಗೆ ಬೇರೆ. 1940ರಲ್ಲಿ ಶುರುವಾದ ಈ ತೆರಿಗೆ 1951ರ ಹೊತ್ತಿಗೆ ಎಲ್ಲ ಕಾರುಗಳ ಮೇಲೂ ಸಗಟು ಬೆಲೆಯ ಮೂರನೇ ಎರಡು ಪಾಲಿಗೆ ಏರಿತು. ಆದರೆ ತೆರಿಗೆ ಇದ್ದದ್ದು ಹೊಸ ಕಾರಿಗೆ. ಹಳೆಯ ಚಾಸಿಯೊಂದನ್ನು ಶೆಡ್ಡಿನಲ್ಲಿಟ್ಟುಕೊಂಡು ಬಿಡಿಭಾಗ ಸೇರಿಸುತ್ತ ಹೋದವನಿಗೆ ಅದು ತಟ್ಟಲಿಲ್ಲ. ಯುದ್ಧ ಇನ್ನೊಂದು ಉಪಕಾರವನ್ನೂ ಮಾಡಿತ್ತು: ವಿಮಾನದ ಎಂಜಿನ್, ಟ್ಯಾಂಕು, ಲಾರಿಗಳನ್ನು ಬಿಚ್ಚಿ ಕೂಡಿಸಿದ ಕೈಗಳು ಈಗ ಊರ ತುಂಬ ಇದ್ದವು.

ಒಬ್ಬಾತ ಗುಜರಿ ಅಂಗಳಕ್ಕೆ ಹೋಗಿ ಕೆಲವೇ ಪೌಂಡ್ ಕೊಟ್ಟು ಒಂದು ಸೆವೆನ್ ಎಳೆದು ತಂದನೆನ್ನೋಣ. ಮೊದಲ ಕೆಲಸಕ್ಕೆ ಕಾಸು ಬೇಡ: ಕಳಚುವುದು. ಭಾರದ ಸಲೂನ್ ಬಾಡಿ, ಬಾಗಿಲು, ಹಿಂದಿನ ಸೀಟು ಎಲ್ಲ ಹೊರಕ್ಕೆ. ಕಾರಿನ ತೂಕ ಐದನೇ ಒಂದು ಪಾಲು ಇಳಿದರೆ ಅದೇ ಎಂಜಿನ್ನಿಗೆ ಕಾಲು ಪಾಲು ಶಕ್ತಿ ಕೂಡಿದ ಹಾಗೆ. ಏರುವಾಗ, ಹೊರಡುವಾಗ ಮಾತ್ರವಲ್ಲ, ನಿಲ್ಲುವಾಗಲೂ ತಿರುಗುವಾಗಲೂ ಆ ಲಾಭ ಸಿಗುತ್ತದೆ. ಟೈರೂ ಕಡಿಮೆ ಸವೆಯುತ್ತದೆ. ಕಾಸು ಕೊಟ್ಟು ಕೊಂಡ ಯಾವ ಭಾಗವೂ ಇಷ್ಟೊಂದು ಕೊಡಲಾರದು. ಕಾರು ಹಗುರವಾಗಿರಬೇಕೆಂದು ಚಾಪ್ಮನ್ ಜೀವನವಿಡೀ ಹಿಡಿದ ಹಠದ ಮೂಲ ಇಲ್ಲೇ ಇದೆ.

ಎರಡನೆಯದಕ್ಕೆ ಎಲ್ಲರೂ ಕೈ ಹಾಕುತ್ತಿದ್ದದ್ದು ಎಂಜಿನ್ನಿಗೆ. ಬಹಳ ಜನ ಎಡವುತ್ತಿದ್ದದ್ದೂ ಅಲ್ಲೇ.

ಜಾಹೀರಾತಿನಲ್ಲಿ ಮೊದಲು ಕಣ್ಸೆಳೆಯುತ್ತಿದ್ದದ್ದು ಅಲ್ಯೂಮಿನಿಯಂ ಸಿಲಿಂಡರ್ ಹೆಡ್. ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಇನ್ನಷ್ಟು ಒತ್ತಿ ಉರಿಸಿದರೆ ಶಕ್ತಿ ಹೆಚ್ಚು ಬರುತ್ತದೆ ಎಂಬುದು ನಿಜ. ಆದರೆ 1953ರವರೆಗೆ ಬ್ರಿಟನ್ನಿನಲ್ಲಿ ಸಿಗುತ್ತಿದ್ದದ್ದು ಎಲ್ಲ ಕಂಪನಿಗಳದ್ದನ್ನೂ ಒಟ್ಟಿಗೆ ಸುರಿದ ಕಳಪೆ ‘ಪೂಲ್’ ಪೆಟ್ರೋಲ್, ಆಕ್ಟೇನ್ 70ರ ಆಸುಪಾಸು. ಅದನ್ನು ಹೆಚ್ಚು ಒತ್ತಿದರೆ ಜ್ವಾಲೆ ಮುಟ್ಟುವ ಮುಂಚೆಯೇ ತಾನಾಗಿ ಸಿಡಿದು ಎಂಜಿನ್ ಕಟಕಟ ಬಡಿಯುತ್ತಿತ್ತು. ವಾರಗಟ್ಟಲೆ ಕೂಡಿಟ್ಟ ಹಣ ಕೊಟ್ಟು ತಂದ ಹೆಡ್ ಪಿಸ್ಟನ್ನನ್ನೇ ತಿನ್ನುತ್ತಿತ್ತು. ಹೆಡ್ಡಿನಲ್ಲಿ ದೋಷವಿರಲಿಲ್ಲ, ಅದಕ್ಕೆ ತಕ್ಕ ಪೆಟ್ರೋಲ್ ಇನ್ನೂ ಅಂಗಡಿಗೆ ಬಂದಿರಲಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಕೆಳಗೆ ಕಾದಿತ್ತು. 1936ಕ್ಕೆ ಮುಂಚಿನ ಸೆವೆನ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಎರಡೂ ತುದಿಗಳಲ್ಲಿ ಮಾತ್ರ ಬೇರಿಂಗ್, ನಡುವೆ ಯಾವ ಆಸರೆಯೂ ಇಲ್ಲ. ಜೋರಾಗಿ ತಿರುಗಿಸಿದರೆ ಮಕ್ಕಳ ಹಗ್ಗದಾಟದ ಹಗ್ಗದ ಹಾಗೆ ನಡು ಬಾಗುತ್ತಿತ್ತು. ಬೇರಿಂಗಿಗೆ ಎಣ್ಣೆ ಹೋಗುತ್ತಿದ್ದ ಬಗೆಯೂ ವಿಚಿತ್ರ: ಎರಡು ಸಣ್ಣ ಕೊಳವೆಗಳು ಎಣ್ಣೆಯನ್ನು ಪಿಚಕಾರಿಯಂತೆ ಚಿಮ್ಮುತ್ತಿದ್ದವು, ತಿರುಗುತ್ತಿರುವ ಕ್ರ್ಯಾಂಕಿನ ತೂತಿಗೆ ಅದು ಬಿದ್ದರೆ ಬಿತ್ತು. ಇಂಥ ಎಂಜಿನ್ನಿಗೆ ಜೋಡಿ ಕಾರ್ಬುರೇಟರ್, ಗಟ್ಟಿ ವಾಲ್ವ್ ಸ್ಪ್ರಿಂಗ್, ಹೊಸ ಕ್ಯಾಮ್‌ಶಾಫ್ಟ್ ಕೂರಿಸಿ ಖುಷಿಯಿಂದ ಹೊರಟವನು ಮುರಿದ ಕ್ರ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬರುತ್ತಿದ್ದ. ವೇಗ ಕೊಡುವ ಭಾಗಕ್ಕೆ ಒಂದು ಪೌಂಡ್ ಕೊಟ್ಟರೆ ಆ ವೇಗವನ್ನು ತಾಳುವ ಭಾಗಕ್ಕೆ ಎರಡು ಪೌಂಡ್ ತೆಗೆದಿಡಬೇಕೆಂಬ ಲೆಕ್ಕ ಅನೇಕರಿಗೆ ಹತ್ತಿದ್ದು ಇಷ್ಟಾದ ಮೇಲೆಯೇ.

ಅನುಭವಸ್ಥರ ದಾರಿ ಬೇರೆ. ಅವರು ಮೊದಲು ಹುಡುಕುತ್ತಿದ್ದದ್ದು ಕಂಪನಿಯದೇ ಆದ, ದಪ್ಪ ಕ್ರ್ಯಾಂಕಿನ ನಂತರದ ವರ್ಷಗಳ ಎಂಜಿನ್ನನ್ನು. ಆಮೇಲೆ ಕಾಸಿಗಿಂತ ಹೊತ್ತು ಬೇಡುವ ಕೆಲಸಗಳು. ಸಂಜೆಗಟ್ಟಲೆ ಕೂತು ಅರದಿಂದ, ಮರಳು ಕಾಗದದಿಂದ ಒಳದಾರಿಗಳನ್ನು ಉಜ್ಜಿ ನುಣುಪು ಮಾಡುವುದು. ಪರಿಚಯದ ವರ್ಕ್‌ಶಾಪಿನ ಲೇತಿನಲ್ಲಿ ಫ್ಲೈವೀಲ್ ಕೊರೆಸಿ ತೂಕ ಇಳಿಸುವುದು. ನಾಲ್ಕು ಪಿಸ್ಟನ್ನುಗಳನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಮ ಮಾಡುವುದು. ಕೊನೆಗೆ ಗುಜರಿಯ ಮಾರಿಸ್ ಕಾರಿನಿಂದ ಬಿಚ್ಚಿದ ಒಂದು ಎಸ್‌ಯು ಕಾರ್ಬುರೇಟರ್. ಈ ಎಂಜಿನ್ ಜಾಹೀರಾತಿನ ಎಂಜಿನ್ನಿನಷ್ಟು ಹೊಳೆಯುತ್ತಿರಲಿಲ್ಲ, ಓಡುತ್ತಿತ್ತು.

ಬ್ರೇಕಿನದು ಇನ್ನೊಂದು ಅಧ್ಯಾಯ. ಹಳೆಯ ಸೆವೆನ್‌ಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ, ಮುಂದಿನವಕ್ಕೆ ಕೈಬ್ರೇಕು. 1930ರಲ್ಲಿ ಎರಡನ್ನೂ ಜೋಡಿಸಿದರೂ ತಂತಿ ಎಳೆದು ನಿಲ್ಲಿಸುವ ಆ ಪುಟ್ಟ ಡ್ರಮ್ಮುಗಳು ಗಂಟೆಗೆ 40 ಮೈಲಿಯ ಸಂಸಾರಸ್ಥನಿಗೆ ಸಾಕಿತ್ತೇ ಹೊರತು 75 ಮೈಲಿಯ ಹುಡುಗನಿಗಲ್ಲ. ಒಳ್ಳೆಯ ಕೇಬಲ್ ಇದ್ದ ‘ಬೌಡನೆಕ್ಸ್’ ಸೆಟ್ ಮಾರಾಟಕ್ಕಿತ್ತು. ಧೈರ್ಯವಿದ್ದವರು ಮಾರಿಸ್ ಕಾರಿನ ಹೈಡ್ರಾಲಿಕ್ ಬ್ರೇಕುಗಳನ್ನೇ ತಂದು ಹೊಂದಿಸುತ್ತಿದ್ದರು. ಬ್ರೇಕಿಗೆ ಹಾಕಿದ ಹಣ ಯಾರ ಕಣ್ಣಿಗೂ ಕಾಣುವುದಿಲ್ಲ, ಗೆಳೆಯರ ಮುಂದೆ ತೋರಿಸಿಕೊಳ್ಳುವಂಥದ್ದಲ್ಲ. ಆದ್ದರಿಂದಲೇ ಅದನ್ನು ಮೊದಲು ಮಾಡಿಸಿದವನನ್ನು ಪಕ್ವ ಕೈ ಎನ್ನಬೇಕು.

ಚಾಸಿಯದು ಇಂಗ್ಲಿಷಿನ ‘ಎ’ ಅಕ್ಷರದ ಆಕಾರ. ಮೂತಿಯಲ್ಲಿ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗ್, ಹಿಂದೆ ಎರಡು ಕಾಲುಗಳ ತುದಿಯಿಂದ ಚಾಚಿದ ಕಾಲು ಕಮಾನಿನ ಸ್ಪ್ರಿಂಗುಗಳು. ತಿರುವಿನಲ್ಲಿ ಕಾರು ವಾಲಿದಾಗ ಒಂದು ಬದಿಯ ಸ್ಪ್ರಿಂಗ್ ಚಪ್ಪಟೆಯಾಗಿ ಇನ್ನೊಂದು ಬಾಗಿ, ಹಿಂದಿನ ಆಕ್ಸಲ್ ತಾನೇ ಸ್ವಲ್ಪ ಓರೆಯಾಗಿಬಿಡುತ್ತಿತ್ತು. ಚಾಲಕ ಮುಂದಿನಿಂದ ತಿರುಗಿಸುತ್ತಿದ್ದರೆ ಕಾರು ಹಿಂದಿನಿಂದಲೂ ತಿರುಗಿಸುತ್ತಿತ್ತು! ಇದಕ್ಕೆ ಮದ್ದು ಅಗ್ಗ: ಸ್ಪ್ರಿಂಗುಗಳ ಕಮಾನನ್ನು ತಟ್ಟಿ ಚಪ್ಪಟೆ ಮಾಡಿಸುವುದು. ಕಾರು ತಗ್ಗುತ್ತಿತ್ತು, ನೋಡಲೂ ಚೆಂದ, ಓರೆಯಾಗುವ ಚಾಳಿಯೂ ಕಡಿಮೆ. ತೆರೆದ ಬಾಯಿಯ ಚಾಸಿ ಪಟ್ಟಿಗೆ ಇನ್ನೊಂದು ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚಿದರೆ ತಿರುಚುವಿಕೆಯೂ ತಗ್ಗುತ್ತಿತ್ತು.

ಮುಂಬದಿಗೆ ಲೆಸ್ಲಿ ಬ್ಯಾಲಮಿ ಎಂಬಾತ ಇನ್ನೂ ಎದೆಗಾರಿಕೆಯ ಉಪಾಯ ಕಂಡುಕೊಂಡಿದ್ದ. ಅಖಂಡವಾದ ಮುಂದಿನ ಆಕ್ಸಲ್ಲನ್ನು ನಡುವೆ ಗರಗಸದಿಂದ ಕೊಯ್ದು, ಎರಡು ತುಂಡುಗಳನ್ನೂ ಕೀಲಿಗೆ ಸಿಕ್ಕಿಸಿ, ಎರಡು ಚಕ್ರಗಳೂ ಬೇರೆಬೇರೆಯಾಗಿ ಏಳುವಂತೆ ಮಾಡಿದ. ಚಕ್ರ ಮೇಲೆದ್ದಂತೆ ಓರೆಯಾಗುವ ದೋಷ ಅದಕ್ಕಿತ್ತು. ಆದರೂ ಕಾರ್ಖಾನೆಗಳು ದೊಡ್ಡ ಖರ್ಚಿನಲ್ಲಿ ಕೊಡುತ್ತಿದ್ದ ಸ್ವತಂತ್ರ ಸಸ್ಪೆನ್ಷನ್ ಇಲ್ಲಿ ಇದ್ದ ಆಕ್ಸಲ್ಲಿನಿಂದಲೇ ಸಿಗುತ್ತಿತ್ತು. ಚಾಪ್ಮನ್ ತನ್ನ ಮುಂದಿನ ಕಾರುಗಳಲ್ಲೂ ಇದನ್ನು ಬಳಸಿದ.

ಯುದ್ಧ ಮುಗಿದ ಮೇಲೆ ಕ್ಲಬ್ ಮತ್ತೆ ಜೀವ ತಳೆದಿತ್ತು. ಅದರ ಬೆನ್ನೆಲುಬಾಗಿದ್ದವನು ಹಾಲೆಂಡ್ ಬರ್ಕೆಟ್, ವೃತ್ತಿಯಲ್ಲಿ ದನಕರುಗಳ ಡಾಕ್ಟರು. ಸೆವೆನ್ ಚಾಸಿ, ಸೆವೆನ್ ಎಂಜಿನ್ ಇಟ್ಟುಕೊಂಡು, ಸೂಪರ್‌ಚಾರ್ಜರ್ ಇಲ್ಲದೆ ಕಟ್ಟಿದ ಸ್ಪೆಷಲ್‌ಗಳಿಗೇ ಮೀಸಲಾದ ರೇಸಿನ ನಿಯಮಾವಳಿಯನ್ನು ಕ್ಲಬ್ ರೂಪಿಸಿತು, ಅದೇ ‘750 ಫಾರ್ಮುಲಾ’. 1950ರಿಂದ ರೇಸುಗಳು ನಡೆದವು. 1951ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಆರು ಗಂಟೆಯ ರಿಲೇ ರೇಸ್ ಶುರುವಾಯಿತು. ಒಂದು ತಂಡದಲ್ಲಿ ಹಲವು ಕಾರು, ಒಂದು ಕೆಟ್ಟು ನಿಂತರೆ ಇನ್ನೊಂದು ಹೊರಡುವುದು. ಆರು ಗಂಟೆ ತಾಳುವ ಕಾರು ಯಾರ ಬಳಿಯೂ ಇಲ್ಲವೆಂದು ಗೊತ್ತಿದ್ದವರು ಮಾಡಿದ ಏರ್ಪಾಡು ಅದು. ಬಡತನವನ್ನು ಮುಚ್ಚಿಡದೆ ಆಟದ ನಿಯಮವನ್ನಾಗಿ ಮಾಡಿಕೊಂಡದ್ದು ಈ ಕ್ಲಬ್ಬಿನ ದೊಡ್ಡತನ.

ನಿಯಮ ಬಿಗಿಯಾದಷ್ಟೂ ಬುದ್ಧಿ ಚುರುಕಾಯಿತು. ಸೆವೆನ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಹೋಗುವ ದಾರಿ ಎರಡೇ, ಪಕ್ಕಪಕ್ಕದ ಎರಡು ಸಿಲಿಂಡರುಗಳಿಗೆ ಒಂದೊಂದು. ಉರಿಯುವ ಕ್ರಮದಲ್ಲಿ ಆ ಜೋಡಿ ಒಂದರ ಹಿಂದೆ ಒಂದು ಉಸಿರೆಳೆಯುವುದರಿಂದ ಒಂದು ಇನ್ನೊಂದರ ಪಾಲನ್ನು ಕಸಿಯುತ್ತಿತ್ತು. 1951ರಲ್ಲಿ ಅಲೆನ್ ಸಹೋದರರ ಜೊತೆ ಸೇರಿ ಮೂರನೆಯ ಲೋಟಸ್ ಕಟ್ಟಿದ ಚಾಪ್ಮನ್ ಆ ದಾರಿಗಳ ನಡುವೆ ತೆಳು ತಗಡಿನ ಗೋಡೆ ನಿಲ್ಲಿಸಿದ. ಎರಡು ದಾರಿ ನಾಲ್ಕಾಯಿತು, ಪ್ರತಿ ಸಿಲಿಂಡರಿಗೂ ಅದರ ಉಸಿರು ಸಿಕ್ಕಿತು. ಖರ್ಚು ಒಂದು ಚೂರು ತಗಡು ಮತ್ತು ಬೆಸುಗೆ. ಆ ವರ್ಷ ಅವನನ್ನು ಹಿಂದಿಕ್ಕುವವರೇ ಇರಲಿಲ್ಲ. ಕ್ಲಬ್ಬು ಮುಂದೆ ಹಾಗೆ ಗೋಡೆ ಕಟ್ಟಬಾರದೆಂದು ನಿಯಮವನ್ನೇ ತಿದ್ದಿತು.

ಚಾಪ್ಮನ್ ಕಥೆಯ ಎದುರಿಗೆ ಜ್ಯಾಕ್ ಫ್ರೆಂಚ್ ಕಾರನ್ನು ಇಡಬೇಕು. ಅದರ ಹೆಸರೇ ‘ಸಿಂಪ್ಲಿಸಿಟಿ’, ಸರಳತೆ. ಹೊಸ ಯಂತ್ರಾಂಗವನ್ನು ಕಂಡುಹಿಡಿಯಲು ಹೋಗದೆ, ಸೆವೆನ್‌ನ ಪ್ರತಿ ಭಾಗವನ್ನೂ ಅಚ್ಚುಕಟ್ಟಾಗಿ ಹೊಂದಿಸಿ ಫ್ರೆಂಚ್ ರೇಸ್ ಗೆಲ್ಲುತ್ತಿದ್ದ. ಹೊಸದಾಗಿ ಸ್ಪೆಷಲ್ ಕಟ್ಟುವವರು ಅದನ್ನು ಮಾದರಿಯಾಗಿಟ್ಟುಕೊಂಡರು. ಶೆಡ್ಡುಗಳಲ್ಲಿ ಬಾಯಿಂದ ಬಾಯಿಗೆ ಸಾಗಿದ ಈ ತಿಳಿವಳಿಕೆಯ ಬಹುಪಾಲನ್ನು ಬಿಲ್ ವಿಲಿಯಮ್ಸ್ 1958ರಲ್ಲಿ ‘ಆಸ್ಟಿನ್ ಸೆವೆನ್ ಸ್ಪೆಷಲ್ಸ್’ ಎಂಬ ಪುಸ್ತಕವಾಗಿ ಬರೆದ.

ಸೆವೆನ್‌ಗಳು ಸವೆಯುತ್ತ ಬಂದಂತೆ ಇನ್ನೊಂದು ಗುಜರಿ ಸರಕು ಮುಂದೆ ಬಂತು. ಫೋರ್ಡಿನ 1172 ಸಿಸಿ ಎಂಜಿನ್ 30 ಅಶ್ವಶಕ್ತಿ ಕೊಡುತ್ತಿತ್ತು, ಒರಟು, ಗಟ್ಟಿ. 1953ರಲ್ಲಿ ಕ್ಲಬ್ ಅದಕ್ಕೂ ಒಂದು ಫಾರ್ಮುಲಾ ತೆರೆಯಿತು. ಮೂರೇ ಗೇರಿನ, ನಡುವೆ ದೊಡ್ಡ ಕಂದರವಿದ್ದ ಆ ಗೇರ್‌ಬಾಕ್ಸಿಗೆ ಹತ್ತಿರದ ಅನುಪಾತದ ಗೇರುಗಳನ್ನು ರೆಡಿಂಗ್ ಊರಿನ ಡೆರೆಕ್ ಬಕ್ಲರ್ ಕೊಟ್ಟ. ‘ಅಕ್ವಾಪ್ಲೇನ್’ ಎಂಬ ಕಂಪನಿ ಅಲ್ಯೂಮಿನಿಯಂ ಹೆಡ್ಡು, ಕಾರ್ಬುರೇಟರ್ ಕೂರಿಸುವ ಕೊಳವೆಗಳನ್ನು ಎರಕ ಹೊಯ್ದು ಮಾರಿತು. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಹಾರ್ನ್ಸಿಯಲ್ಲಿ ತನ್ನ ತಂದೆಯ ಹೋಟೆಲಿನ ಹಿಂದಿನ ಕುದುರೆ ಲಾಯದಲ್ಲಿ ಕಂಪನಿ ತೆರೆದ ಚಾಪ್ಮನ್ ಮಾರಿದ ಮೊದಲ ಸರಕೂ ಇಂಥದ್ದೇ: ಆರನೆಯ ಲೋಟಸ್‌ನ ಕೊಳವೆ ಚಾಸಿ ಮತ್ತು ಬಾಡಿ. ಎಂಜಿನ್, ಆಕ್ಸಲ್, ಗೇರ್‌ಬಾಕ್ಸನ್ನು ಗಿರಾಕಿಯೇ ಹಳೆಯ ಫೋರ್ಡಿನಿಂದ ಬಿಚ್ಚಿ ತರಬೇಕು.

ಆಮೇಲೆ ಬಂತು ಫೈಬರ್ ಗ್ಲಾಸ್. ತಗಡು ಬಗ್ಗಿಸುವ ಕಸುಬು ಗೊತ್ತಿಲ್ಲದವನ ಕೈಗೂ ಇಟಲಿಯ ಕಾರಿನಂಥ ಬಾಗುಬಳುಕು ಸಿಕ್ಕಿತು. 1950ರ ದಶಕದ ನಡುವಿನಿಂದ ಎಸೆಕ್ಸ್ ಕಡೆಯ ಆಶ್ಲಿ ಲ್ಯಾಮಿನೇಟ್ಸ್, ಫಾಲ್ಕನ್ ಶೆಲ್ಸ್, ಬ್ರಾಮ್ಲಿಯ ಸೂಪರ್ ಆ್ಯಕ್ಸೆಸರೀಸ್‌ನಂಥ ಸಂಸ್ಥೆಗಳು ಸೆವೆನ್‌ಗೂ ಫೋರ್ಡ್‌ಗೂ ಅಳತೆಗೆ ತಕ್ಕ ಬಾಡಿ ಚಿಪ್ಪುಗಳನ್ನು ಮಾರಿದವು. ಲೂಟನ್ನಿನಲ್ಲಿ ಜೆಮ್ ಮಾರ್ಷ್ ‘ಸ್ಪೀಡೆಕ್ಸ್’ ಹೆಸರಲ್ಲಿ ಚಕ್ರ, ಹೆಡ್ಡು, ಸಸ್ಪೆನ್ಷನ್ ಭಾಗಗಳ ಕ್ಯಾಟಲಾಗ್ ತೆಗೆದು ಅಂಚೆಯಲ್ಲಿ ವ್ಯಾಪಾರ ಮಾಡಿದ. ದುಡಿಯುವ ಹುಡುಗನೊಬ್ಬ ಈ ತಿಂಗಳು ಒಂದು ಇನ್‌ಲೆಟ್ ಕೊಳವೆ, ಮುಂದಿನ ತಿಂಗಳು ಒಂದು ಜೊತೆ ಚಕ್ರ ಎಂದು ಕಾರನ್ನು ಕಂತಿನಲ್ಲಿ ತರಿಸಿಕೊಳ್ಳಬಹುದಿತ್ತು.

ಚಿಪ್ಪಿನಲ್ಲಿ ಒಂದು ಮೋಸವೂ ಅಡಗಿತ್ತು, ಮಾರುವವರದ್ದಲ್ಲ, ಕಣ್ಣಿನದ್ದು. ಹಣದ ದೊಡ್ಡ ಪಾಲು ಚಿಪ್ಪಿಗೇ ಹೋದಮೇಲೆ ಬ್ರೇಕಿಗೆ, ಕ್ರ್ಯಾಂಕಿಗೆ ಉಳಿಯುತ್ತಿದ್ದದ್ದು ಚಿಲ್ಲರೆ. ಬಾಗಿಲು ಕೊರೆಯುವುದು, ಗಾಜು ಕೂರಿಸುವುದು, ಒಳಗೆ ಆಧಾರದ ಚೌಕಟ್ಟು ಕಟ್ಟುವುದು ಎಲ್ಲ ಕೊಂಡವನ ಪಾಲಿಗೆ. ಬಹಳಷ್ಟು ಚಿಪ್ಪುಗಳು ಮನೆಯ ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಕೂತವು. ಮುಗಿದ ಕಾರುಗಳಲ್ಲೂ ಕೆಲವು ಹೊರಗೆ ಮಾಸೆರಾಟಿ, ಒಳಗೆ 1931ರ ತಂತಿ ಬ್ರೇಕು. ತಗಡಿನ ಮೊನಚು ಮೂತಿಯ ಹಳೆಯ ಸ್ಪೆಷಲ್‌ಗಳು ಕುರೂಪವಾಗಿದ್ದರೂ ಕಟ್ಟಿದವನಿಗೆ ತನ್ನ ಕಾರಿನ ಪ್ರತಿ ಬೋಲ್ಟಿನ ಕಾರಣ ಗೊತ್ತಿತ್ತು. ಚಿಪ್ಪು ಬಂದ ಮೇಲೆ ಆ ಅರಿವು ಸ್ವಲ್ಪ ಸಡಿಲಾಯಿತು ಎನ್ನದೆ ವಿಧಿಯಿಲ್ಲ.

ಮಾರ್ಷ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯ ಅನುಭವವಿದ್ದ ಫ್ರ್ಯಾಂಕ್ ಕಾಸ್ಟಿನ್ ಜೊತೆ ಸೇರಿ 1959ರಲ್ಲಿ ಪ್ಲೈವುಡ್ಡಿನ ಚಾಸಿಯ ಕಾರು ಕಟ್ಟಿದ. ಇಬ್ಬರ ಹೆಸರೂ ಕೂಡಿ ಅದು ‘ಮಾರ್ಕಾಸ್’. ಭೂಗೋಳದ ಇನ್ನೊಂದು ತುದಿಯಲ್ಲೂ ಸೆವೆನ್ ತನ್ನ ಕೆಲಸ ಮಾಡುತ್ತಿತ್ತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ಲೆಸ್ ಮೆಕ್ಲಾರೆನ್ ಒಂದು ಹಳೆಯ ಅಲ್ಸ್ಟರನ್ನು ಕೊಂಡು ತಂದ. ಅದನ್ನು ಬಿಚ್ಚಿ ಕೂಡಿಸಿ ತನ್ನ ಮೊದಲ ಬೆಟ್ಟದ ಓಟಕ್ಕೆ ತೆಗೆದುಕೊಂಡು ಹೋದವನು ಮಗ ಬ್ರೂಸ್. ಫಾರ್ಮುಲಾ ಒನ್‌ನಲ್ಲಿ ಇಂದಿಗೂ ಅವನ ಹೆಸರಿನ ತಂಡ ಓಡುತ್ತಿದೆ.

ಶೆಡ್ಡುಗಳ ದೀಪ ಆರಿಸಿದವರು ದೊಡ್ಡ ಕಾರ್ಖಾನೆಯವರೇ. 1958ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಬಂತು, ತೆರಿಗೆಯೂ ಸೇರಿ ಸುಮಾರು 670 ಪೌಂಡಿಗೆ ಹೊಚ್ಚ ಹೊಸ ಸ್ಪೋರ್ಟ್ಸ್ ಕಾರು. ಅದೂ ಒಂದು ಬಗೆಯ ಸ್ಪೆಷಲ್ಲೇ: ಎಂಜಿನ್ ಆಸ್ಟಿನ್ ಎ35ರದ್ದು, ಸ್ಟೀರಿಂಗ್ ಮಾರಿಸ್ ಮೈನರಿನದ್ದು. ಶೆಡ್ಡಿನ ಯುಕ್ತಿಯನ್ನು ಕಾರ್ಖಾನೆ ತನ್ನದಾಗಿಸಿಕೊಂಡಿತ್ತು. 1959ರಲ್ಲಿ ಮಿನಿ 500 ಪೌಂಡಿಗೂ ಕಡಿಮೆಗೆ ಬಂದು, ತಿರುವುಗಳಲ್ಲಿ ಬಹುತೇಕ ಸ್ಪೆಷಲ್‌ಗಳನ್ನು ನಾಚಿಸಿತು. 1960ರಲ್ಲಿ ಹತ್ತು ವರ್ಷ ಮೀರಿದ ಕಾರುಗಳಿಗೆ ಬ್ರೇಕು, ಸ್ಟೀರಿಂಗು, ದೀಪಗಳ ಪರೀಕ್ಷೆ ಶುರುವಾಯಿತು. ಆ ಪರೀಕ್ಷೆ ಎಷ್ಟೋ ಸೆವೆನ್‌ಗಳನ್ನು ಗುಜರಿಗೆ ಕಳಿಸಿತು. ಬ್ರೇಕಿಗೆ ಮೊದಲು ಖರ್ಚು ಮಾಡಿದ್ದವರ ಕಾರುಗಳು ದಾಟಿಕೊಂಡವು.

ತೆರಿಗೆಯ ಸಂದಿಯೊಂದು ಇನ್ನೂ ತೆರೆದಿತ್ತು. 1957ರಲ್ಲಿ ಬಂದ ಲೋಟಸ್ ಸೆವೆನ್ ಅದರಲ್ಲೇ ನುಸುಳಿ ಬದುಕಿತು. ಭಾಗಗಳಾಗಿ ಮಾರಿ ಗಿರಾಕಿಯೇ ಜೋಡಿಸಿಕೊಂಡರೆ ಖರೀದಿ ತೆರಿಗೆ ಇಲ್ಲ. ಆದರೆ ಜೋಡಿಸುವ ಬಗೆಯನ್ನು ಬರೆದು ಕೊಡುವ ಹಾಗಿಲ್ಲ. ಲೋಟಸ್ ಬಿಚ್ಚುವ ಬಗೆಯನ್ನು ಬರೆದು ಕೊಟ್ಟಿತು, ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುತ್ತಿದ್ದ! 1973ರ ಏಪ್ರಿಲ್‌ನಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂದಾಗ ಆ ಸಂದಿಯೂ ಮುಚ್ಚಿತು. ಅದೇ ವರ್ಷ ಕಾರಿನ ಹಕ್ಕುಗಳನ್ನು ಕೇಟರ್‌ಹ್ಯಾಮ್ ಸಂಸ್ಥೆ ಕೊಂಡಿತು. ಆ ಕಾರು ಇಂದೂ ಭಾಗಗಳಾಗಿ ಸಿಗುತ್ತದೆ.

750 ಫಾರ್ಮುಲಾ ಕೂಡ ಉಳಿದಿದೆ. ಎಂಜಿನ್ ಮಾತ್ರ ಆಸ್ಟಿನ್ನಿನಿಂದ ರಿಲಯಂಟಿಗೆ, ಅಲ್ಲಿಂದ ಫಿಯಟ್ಟಿಗೆ ಬದಲಾಗುತ್ತ ಬಂದಿದೆ. ಹಳೆಯ ಸೆವೆನ್‌ಗಳಿಗೆ ಹೊಸದಾಗಿ ಕ್ರ್ಯಾಂಕ್ ಮಾಡಿಕೊಡುವವರು ಇಂಗ್ಲೆಂಡಿನಲ್ಲಿ ಇದ್ದಾರೆ. ಅವು ಮೂಲದವಕ್ಕಿಂತ ಗಟ್ಟಿ.

ಎಲ್ಲಕ್ಕೂ ಮೊದಲಾದ ಆ ಪ್ಲೈವುಡ್ ಬಾಡಿಯ ಕಾರಿನ ಮಾತು ಉಳಿಯಿತು. ಚಾಪ್ಮನ್ 1950ರಲ್ಲಿ ‘ಮೋಟಾರ್ ಸ್ಪೋರ್ಟ್’ನಲ್ಲಿ ಜಾಹೀರಾತು ಕೊಟ್ಟು ಅದನ್ನು ಉತ್ತರ ಇಂಗ್ಲೆಂಡಿನವರೊಬ್ಬರಿಗೆ ಮಾರಿದ. ಆಮೇಲೆ ಅದರ ಸುಳಿವಿಲ್ಲ. 2018ರಲ್ಲಿ, ಲೋಟಸ್‌ಗೆ 70 ತುಂಬಿದಾಗ, ಕಂಪನಿ ಜಗತ್ತಿನಾದ್ಯಂತ ಹುಡುಕಾಟಕ್ಕೆ ಕರೆ ಕೊಟ್ಟಿತು: ಹಳೆಯ ಶೆಡ್ಡು, ಗ್ಯಾರೇಜು, ಕೊಟ್ಟಿಗೆಗಳಲ್ಲಿ ಒಮ್ಮೆ ನೋಡಿ, ಓಎಕ್ಸ್ 9292 ಎಂಬ ಹಲಗೆ ಕಂಡರೆ ತಿಳಿಸಿ.